ಬೇರಿಗೆ ಜಾಗ ಬಿಡೋಣ



ಬೆಂಗಳೂರಿನ ಈ ಸಸ್ಯಮೇಳವನ್ನು ಉದ್ಘಾಟಿಸುವ ಗೌರವವನ್ನು ನನಗೆ ಕೊಟ್ಟಿದ್ದೀರಿ. ಭರಣಿ, ಕೃತ್ತಿಕೆ ಮಳೆಗಳು ಮುಗಿದು ಮುಂಗಾರು ಹೊಸ್ತಿಲಿಗೆ ಬಂದಿರುವ ಹೊತ್ತಿದು. ಬೇಸಿಗೆಯ ಸಂಜೆ ಮೋಡ ಕಟ್ಟಿ ಅರ್ಧ ಗಂಟೆ ಬೀಸುವ ಬಿರುಗಾಳಿ ನಮ್ಮ ಬೀದಿಗಳಲ್ಲಿ ಏನು ಮಾಡಿ ಹೋಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಕಾರಿನ ಮೇಲೆ, ಕಾಂಪೌಂಡಿನ ಮೇಲೆ, ಕೆಲವೊಮ್ಮೆ ಮನುಷ್ಯರ ಮೇಲೂ ಮರ ಬೀಳುತ್ತದೆ. ಮರುದಿನವೇ ‘ಮನೆ ಮುಂದೆ ಮರವೇ ಬೇಡ, ಕಡಿಸಿಬಿಡಿ’ ಎಂಬ ಮಾತು ಹುಟ್ಟುತ್ತದೆ. ಆ ಭಯ ಸುಳ್ಳಲ್ಲ. ಆದರೆ ಎಷ್ಟೋ ಮರಗಳ ಪತನ ಗಾಳಿ ಬೀಸುವುದಕ್ಕೆ ವರ್ಷಗಳ ಮೊದಲೇ ನಿಶ್ಚಯವಾಗಿರುತ್ತದೆ. ಅದಕ್ಕೆ ಕಾರಣ ನಾವು. ತಪ್ಪಿಸುವ ಶಕ್ತಿಯೂ ನಮ್ಮಲ್ಲೇ ಇದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ನಂಬಿದ್ದೇವೆ. ನಿಜಕ್ಕೂ ಬಹುಪಾಲು ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಚರಂಡಿಗೋ ಕೇಬಲ್ಲಿಗೋ ಅಗೆಯುವಾಗ ಬುಡದ ಪಕ್ಕದಲ್ಲೇ ಅವನ್ನು ಕತ್ತರಿಸುತ್ತೇವೆ. ಫುಟ್‌ಪಾತಿನ ಕಾಂಕ್ರೀಟನ್ನು ಕಾಂಡಕ್ಕೆ ತಾಗಿಸಿ ಹಾಕುತ್ತೇವೆ. ನೀರೂ ಗಾಳಿಯೂ ಸಿಗದೆ ಬೇರು ಸೊರಗುತ್ತದೆ. ತಂತಿಗೆ ತಾಗುತ್ತದೆಂದು ಒಂದೇ ಪಕ್ಕದ ಕೊಂಬೆ ಕಡಿದು, ಭಾರವನ್ನೆಲ್ಲ ಇನ್ನೊಂದು ಪಕ್ಕಕ್ಕೆ ಹೊರಿಸುತ್ತೇವೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ಗಾಳಿಗೆ ಬರೀ ತೂಗಾಡಿದ ಮರ, 60 ಕಿ.ಮೀ. ಗಾಳಿಗೆ ಬುಡಸಮೇತ ಏಳುವುದು ಇದರಿಂದಲೇ.

ಬೇಸಿಗೆಯಲ್ಲಿ ನಮ್ಮ ಬೀದಿಗಳನ್ನು ಕೆಂಪಾಗಿಸುವ ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂದದ್ದು. ಚೆಲುವಾದ ಮರ, ಆದರೆ ಕೊಂಬೆ ಪೆಡಸು, ಬೇರು ಮೇಲುಮೇಲೆ. ಬಯಲಿನಲ್ಲಿ, ಉದ್ಯಾನದಲ್ಲಿ ಅದು ಇರಲಿ. ಕಿರಿದಾದ ರಸ್ತೆಯ ಎರಡಡಿ ಗುಂಡಿ ಅದರ ಜಾಗವಲ್ಲ. ಮನೆಯ ಬಳಿ ನೆಡಲು ಹೊಂಗೆ, ಬೇವು, ನೇರಳೆ, ಹೊಳೆದಾಸವಾಳದಂಥ ನಮ್ಮ ಮರಗಳಿವೆ. ಅವಕ್ಕೂ ಗೋಡೆಯಿಂದ ಅಂತರ ಬೇಕು, ತಲೆಯ ಮೇಲೆ ತಂತಿಯಿಲ್ಲದ ಆಕಾಶ ಬೇಕು.

ಇನ್ನು ಈ ಮೇಳದಲ್ಲಿ ನೀವು ಕೊಳ್ಳಲಿರುವ ಸಸಿಯ ಮಾತು. ಎತ್ತರ ನೋಡಿ, ಹೂವು ನೋಡಿ ಆರಿಸಬೇಡಿ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಉಳಿದ ಸಸಿಯ ಬೇರು ಚೀಲದೊಳಗೇ ಸುತ್ತು ಹಾಕುತ್ತದೆ. ಅದನ್ನು ಹಾಗೆಯೇ ನೆಟ್ಟರೆ ಮಣ್ಣಿನಲ್ಲೂ ಸುತ್ತಿಕೊಂಡೇ ಬೆಳೆದು, ದೊಡ್ಡ ಮರವಾದ ಮೇಲೆ ಹಿಡಿತವಿಲ್ಲದೆ ಉರುಳಬಹುದು. ನೆಡುವಾಗ ಚೀಲವನ್ನು ಪೂರ್ತಿ ಬಿಡಿಸಿ. ಸುತ್ತಿದ ಬೇರನ್ನು ಬಿಡಿಸಿ ಹರಡಿ, ಆಗದಿದ್ದರೆ ಕತ್ತರಿಸಿ. ಊರುಗೋಲನ್ನು ಸಡಿಲವಾಗಿ ಕಟ್ಟಿ, ಒಂದು ವರ್ಷದೊಳಗೆ ತೆಗೆದುಬಿಡಿ. ಗಾಳಿಗೆ ಸ್ವಲ್ಪ ಸ್ವಲ್ಪವೇ ಓಲಾಡಿದ ಸಸಿಯ ಕಾಂಡ ದಪ್ಪಗಾಗುತ್ತದೆ. ಮೈದಾನದಲ್ಲಿ ಬಿದ್ದು ಎದ್ದು ಬೆಳೆದ ಮಗುವಿನ ಹಾಗೆ ಅದಕ್ಕೆ ಕಸುವು ಬರುತ್ತದೆ.

ಬೆಳೆದ ಮರವನ್ನು ಮಳೆಗಾಲಕ್ಕೆ ಮೊದಲೇ ಸುತ್ತು ಹಾಕಿ ನೋಡಿ. ಬುಡದಲ್ಲಿ ಅಣಬೆ, ಕಾಂಡದಲ್ಲಿ ಬಿರುಕು, ಒಂದು ಬದಿಯಲ್ಲಿ ಎದ್ದ ಮಣ್ಣು, ಇದ್ದಕ್ಕಿದ್ದಂತೆ ಬಂದ ವಾಲು: ಇವು ಮರ ಕೊಡುವ ಎಚ್ಚರಿಕೆಗಳು. ಒಣಗಿದ ಕೊಂಬೆ ತೆಗೆಸಿ, ಆದರೆ ತಲೆ ಬೋಳಿಸಬೇಡಿ. ಬೋಳಿಸಿದ ಕಡೆ ಒತ್ತಾಗಿ ಚಿಗುರುವ ಹೊಸ ಕೊಂಬೆಗಳಿಗೆ ಹಿಡಿತ ಕಡಿಮೆ. ಮುಂದಿನ ಗಾಳಿಗೆ ಸೀಳುವುದು ಅವೇ. ತಂತಿಯ ಹತ್ತಿರದ ಕೊಂಬೆಗೆ ನೀವೇ ಕತ್ತಿ ಹಿಡಿಯಬೇಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ. ಮರವನ್ನೇ ಕಡಿಯಬೇಕಾಗಿ ಬಂದರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಿರಿ.

ಮನೆಯನ್ನೂ ಮರೆಯುವಂತಿಲ್ಲ. ಗಾಳಿ ಸೂರನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ, ಅದೂ ಅಂಚಿನಲ್ಲಿ. ಶೀಟಿನ ಅಂಚಿನ ಬೋಲ್ಟುಗಳನ್ನು, ಮೂಲೆಹೆಂಚಿನ ಗಾರೆಯನ್ನು ಈಗಲೇ ಗಟ್ಟಿ ಮಾಡಿಸಿ. ಪ್ಯಾರಪೆಟ್ ಮೇಲಿನ ಹೂಕುಂಡ ಕೆಳಗಿಳಿಸಿ. ತಾರಸಿಯ ಟ್ಯಾಂಕನ್ನು ಖಾಲಿ ಬಿಡಬೇಡಿ. ಗಾಳಿ ಎದ್ದಾಗ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ. ಗುಡುಗುವಾಗ ಮರದ ಕೆಳಗೆ ಯಾರೂ ನಿಲ್ಲದಿರಲಿ.

ಬಂಧುಗಳೇ, ನಗರ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಮರವಿಲ್ಲದ ಬೀದಿಯನ್ನು ಸುರಕ್ಷಿತ ಬೀದಿ ಎನ್ನಲು ನಾನು ಸಿದ್ಧನಿಲ್ಲ. ನರ್ಸರಿಯವರೇ, ಗಿರಾಕಿ ಕೇಳಿದರೆ ಸಸಿಯ ಬೇರನ್ನು ತೋರಿಸಿ. ಕೊಳ್ಳುವವರೇ, ನಾಚಿಕೊಳ್ಳದೆ ಕೇಳಿ. ಇಲ್ಲಿಂದ ಹೋಗುವ ಒಂದೊಂದು ಸಸಿಗೂ ಕನಿಷ್ಠ ನಾಲ್ಕಡಿ ಅಗಲ ಬರಿ ಮಣ್ಣು ಬಿಡುತ್ತೇವೆಂದು ಸಂಕಲ್ಪ ಮಾಡೋಣ. ಈ ಆಶಯದೊಂದಿಗೆ ಸಸ್ಯಮೇಳವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.