ಕೈಕಸುಬಿಗೂ ಬೇಕು ವಾರಾನ್ನ

ನಮ್ಮ ಊರುಗಳಲ್ಲಿ ಇಂದು ಎರಡು ದೂರುಗಳು ಒಟ್ಟಿಗೆ ಕೇಳಿಬರುತ್ತವೆ. ‘ಲೇತಿನ ಮುಂದೆ ನಿಲ್ಲಿಸೋಣವೆಂದರೆ ಪಳಗಿದ ಕೆಲಸಗಾರನೊಬ್ಬ ಸಿಕ್ಕುವುದಿಲ್ಲ’ ಎಂದು ಸಣ್ಣ ಕಾರ್ಖಾನೆಯ ಯಜಮಾನರು ಹೇಳುತ್ತಾರೆ. ‘ಓದು ಮುಗಿದು ಮೂರು ವರ್ಷವಾಯಿತು, ಕೆಲಸವಿಲ್ಲ’ ಎಂದು ಅದೇ ಬೀದಿಯ ತರುಣ ಹೇಳುತ್ತಾನೆ. ಇಬ್ಬರ ಮಾತೂ ನಿಜವೇ. ಕೆಲಸವೂ ಉಂಟು, ಕೈಗಳೂ ಉಂಟು. ಕೈ ಪಳಗುವುದಕ್ಕೆ ಬೇಕಾದ ಕಾಲ ಮಾತ್ರ ಒದಗುತ್ತಿಲ್ಲ. ಆ ಕಾಲದ ವೆಚ್ಚವನ್ನು ಯಾರು ಹೊರಬೇಕು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ವೆಲ್ಡರ್ ಆಗುವುದಕ್ಕೆ ಒಂದು ವರ್ಷ, ಫಿಟ್ಟರ್, ಟರ್ನರ್ ಅಥವಾ ಎಲೆಕ್ಟ್ರಿಷಿಯನ್ ಆಗುವುದಕ್ಕೆ ಎರಡು ವರ್ಷ ಬೇಕು. ಮಿಲಿಮೀಟರಿನ ಐವತ್ತನೆಯ ಒಂದು ಪಾಲನ್ನು ವರ್ನಿಯರ್ ಮಾಪಕದಲ್ಲಿ ಓದುವುದನ್ನು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು; ಅಷ್ಟು ನಿಖರವಾಗಿ ಕಬ್ಬಿಣವನ್ನು ಕಡೆಯುವ ಹದ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಸರ್ಕಾರಿ ಸಂಸ್ಥೆಗಳಲ್ಲಿ ಶುಲ್ಕವೇನೋ ಹೆಚ್ಚಿಲ್ಲ. ಆದರೆ ಹಳ್ಳಿಯ ಹುಡುಗ ಪಟ್ಟಣದಲ್ಲಿ ತಂಗಬೇಕು, ಉಣ್ಣಬೇಕು. ಅದಕ್ಕಿಂತ ಮುಖ್ಯವಾಗಿ, ಅವನು ತರುತ್ತಿದ್ದ ದಿನಗೂಲಿಯಿಲ್ಲದೆ ಮನೆಯವರು ಬದುಕಬೇಕು. ಬಡವರ ಮನೆಯಲ್ಲಿ ವಿದ್ಯೆಯ ನಿಜವಾದ ಬೆಲೆ ಇದು.

ವಿದ್ಯಾರ್ಥಿವೇತನ ಎಂಬ ನಮ್ಮ ಶಬ್ದದಲ್ಲಿಯೇ ‘ವೇತನ’ವೆಂಬ ಮಾತು ಅಡಗಿದೆ. ಕಲಿಯುವುದೂ ಒಂದು ದುಡಿಮೆ, ಅದಕ್ಕೂ ಪ್ರತಿಫಲ ಸಲ್ಲಬೇಕು ಎಂಬುದು ಅದರ ಭಾವ. ನಾವಾದರೋ ಅದನ್ನು ಶುಲ್ಕದ ರಿಯಾಯಿತಿಯೆಂದು ತಿಳಿದು ಕೈಬಿಟ್ಟಿದ್ದೇವೆ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಸಾಂಪ್ರದಾಯಿಕ ಕಸುಬುಗಳವರಿಗೆ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ನಿಗದಿಯಾಯಿತು. ಕಲಿಯುವವನ ದಿನಕ್ಕೂ ಬೆಲೆಯುಂಟೆಂಬ ತತ್ತ್ವವನ್ನು ಇದು ಒಪ್ಪಿಕೊಂಡಂತಾಯಿತು. ಹೊಸದಾಗಿ ಕಸುಬಿಗೆ ಕಾಲಿಡುವ ಹುಡುಗ ಹುಡುಗಿಯರಿಗೂ ಈ ತತ್ತ್ವ ಅನ್ವಯವಾಗಬೇಡವೆ?

ಕಲಿಯುವವರನ್ನು ಊರೇ ಸಾಕುವುದು ನಮಗೆ ಹೊಸದಲ್ಲ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆ ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ಹೇರಳವಾಗಿದೆ. ಆ ಅನ್ನಕ್ಕೆ ಜಾತಿಯ ಗೆರೆಯಿತ್ತು ಎಂಬುದನ್ನು ಮರೆಯಲಾಗದು. ಮುಂದೆ ಸಂಘಗಳ ಹಾಸ್ಟೆಲುಗಳು ಬಂದವು; ಸಿದ್ಧಗಂಗೆಯಂಥ ಮಠಗಳ ದಾಸೋಹ ಆ ಗೆರೆಯನ್ನು ಅಳಿಸಿ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿತು. ಇಷ್ಟಾದರೂ ದಾನಿಗಳ ಕಣ್ಣ ಮುಂದೆ ಹೆಚ್ಚಾಗಿ ಇದ್ದದ್ದು ಪುಸ್ತಕ ಹಿಡಿದ ವಿದ್ಯಾರ್ಥಿಯೇ. ಅರ ಹಿಡಿದವನೂ ವಿದ್ಯಾರ್ಥಿಯೇ ಎಂದು ನಮಗೆ ತೋರಲಿಲ್ಲ.

ಹಾಗೆ ತೋರಿದವರೂ ಇದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಬರಬೇಕಾಗಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ಜಯಚಾಮರಾಜೇಂದ್ರರ ಹೆಸರಾಯಿತು. ಇಂದಿಗೂ ಅದು ಪಾಲಿಟೆಕ್ನಿಕ್ಕಾಗಿ ನಡೆದುಬರುತ್ತಿದೆ. ಮಹಾ ಅಣೆಕಟ್ಟುಗಳ ಎಂಜಿನಿಯರು ತಮ್ಮ ಗಳಿಕೆಯನ್ನು ಮೀಸಲಿಟ್ಟದ್ದು ಕುಶಲಕರ್ಮಿಗಳಿಗಾಗಿ ಎಂಬುದು ಮನನೀಯ.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ನಿಯಮಗಳು 2019ರಲ್ಲಿ ತಿದ್ದುಪಡಿಯಾದವು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಉದ್ಯಮಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. ಅವರ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿ ಮೀರದಂತೆ, ಸರ್ಕಾರ ಭರಿಸುವ ಏರ್ಪಾಡು 2016ರಲ್ಲಿಯೇ ಆಗಿತ್ತು. ಆದರೆ ಪೀಣ್ಯದಲ್ಲಾಗಲಿ ಬೆಳಗಾವಿಯ ಎರಕದ ಮನೆಗಳ ಸುತ್ತಿನಲ್ಲಾಗಲಿ ಹತ್ತು ಹದಿನೈದು ಜನರ ಕಾರ್ಖಾನೆಗಳು ಎಷ್ಟೋ ಇವೆ. ಅವುಗಳಿಗೆ ಈ ಕಡ್ಡಾಯವಿಲ್ಲ. ಕಲಿತ ಹುಡುಗ ಹೆಚ್ಚು ಸಂಬಳ ಕೊಡುವ ಕಡೆಗೆ ಹೋಗಿಬಿಟ್ಟಾನೆಂಬ ಭಯ ಯಜಮಾನನಿಗೆ. ಆ ಭಯ ಅಕಾರಣವಲ್ಲ. ಒಬ್ಬನೇ ಕಲಿಸಿದರೆ ನಷ್ಟ ಅವನೊಬ್ಬನದು. ಹತ್ತು ಜನ ಕೂಡಿ ಕಲಿಸಿದರೆ, ಬಿಟ್ಟುಹೋದವನೂ ಹತ್ತರಲ್ಲೊಂದು ಕಡೆ ಸಿಕ್ಕಾನು.

ಕೂಡಿ ಕಲಿಸುವುದಕ್ಕೆ ನಮ್ಮಲ್ಲಿಯೇ ಮೇಲ್ಪಂಕ್ತಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಿಂದ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಗ್ರಾಮೀಣ ತರುಣರಿಗೆ ಊಟ ವಸತಿಗಳೊಡನೆ ಉಚಿತ ತರಬೇತಿ. ಆಮೇಲೆ ಸಾಲಕ್ಕೆ ಬ್ಯಾಂಕಿನ ಸಂಪರ್ಕ, ದಾರಿಯಲ್ಲಿ ಎಡವಿದರೆ ವಿಚಾರಿಸುವವರು. ಈ ಮಾದರಿಯನ್ನೇ ಕೇಂದ್ರ ಸರ್ಕಾರ 2009ರಿಂದ ದೇಶದ ಜಿಲ್ಲೆಗಳಿಗೆ ಹರಡಿತು. ಅಲ್ಲಿ ಗುರಿ ಸ್ವಉದ್ಯೋಗ, ತರಬೇತಿ ಅಲ್ಪಕಾಲದ್ದು. ಆದರೂ ಅನ್ನ, ಆಸರೆ, ಕಲಿಕೆ, ಬಂಡವಾಳ ಇವು ಒಂದೇ ಸೂರಿನಡಿ ಕೂಡಿದರೆ ಕೆಲಸ ಸಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಪ್ರತಿ ತಾಲ್ಲೂಕಿನಲ್ಲಿಯೂ ಇಂಥದೊಂದು ಕೂಟ ಏಕೆ ಸಾಧ್ಯವಿಲ್ಲ? ಸಹಕಾರ ಸಂಘ ತನ್ನ ಲಾಭದ ಒಂದಂಶವನ್ನು ಮಾಸಿಕ ವೇತನಕ್ಕೆ ಇಡಲಿ. ಹಾಸ್ಟೆಲುಗಳು ಕೆಲವು ಹಾಸಿಗೆಗಳನ್ನು ಕಸುಬು ಕಲಿಯುವವರಿಗೆ, ಮುಖ್ಯವಾಗಿ ಹುಡುಗಿಯರಿಗೆ, ಕಾದಿರಿಸಲಿ. ಸುರಕ್ಷಿತವಾದ ತಂಗುದಾಣವಿಲ್ಲವೆಂದೇ ಎಷ್ಟೋ ತಂದೆತಾಯಿಗಳು ಮಗಳನ್ನು ಕಳುಹಿಸಲು ಹಿಂಜರಿಯುತ್ತಾರೆ. ಕಾರ್ಖಾನೆಗಳು ಸರದಿಯ ಮೇಲೆ ಅವರನ್ನು ನಿಲ್ಲಿಸಿಕೊಳ್ಳಲಿ. ನಿವೃತ್ತರಾಗಿ ಮನೆಯಲ್ಲಿರುವ ಹಳೆಯ ಟರ್ನರುಗಳನ್ನು, ಅಚ್ಚುಕಟ್ಟಾಗಿ ಬೆಸುಗೆ ಹಾಕಬಲ್ಲವರನ್ನು, ಗೌರವಧನವಿತ್ತು ಗುರುಗಳನ್ನಾಗಿ ಕರೆಯಲಿ. ಅವರೊಡನೆ ಅಳಿದುಹೋಗಲಿರುವ ಹದಗಾರಿಕೆಯನ್ನು ಯಾವ ಪುಸ್ತಕವೂ ಉಳಿಸಲಾರದು.

ಹಣಕ್ಕಿಂತ ಮೊದಲು ಬೇಕಾದದ್ದು ಮರ್ಯಾದೆ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂದು ಶರಣರನ್ನು ಅವರ ಕಾಯಕದ ಹೆಸರಿನಿಂದಲೇ ಕರೆದ ನಾಡು ಇದು. ಆ ನಾಡಿನಲ್ಲಿ ಇಂದು ‘ಹುಡುಗ ಏನು ಮಾಡುತ್ತಾನೆ?’ ಎಂದು ಹೆಣ್ಣಿನ ಕಡೆಯವರು ಕೇಳಿದಾಗ, ‘ಫಿಟ್ಟರ್’ ಎಂದು ಹೇಳಲು ತಂದೆ ತಡವರಿಸುತ್ತಾನೆ. ವೇತನವನ್ನು ಸಂಘಗಳು ಕೊಟ್ಟಾವು. ಈ ತಡವರಿಕೆಯನ್ನು ಹೋಗಲಾಡಿಸಬೇಕಾದವರು ನಾವು, ಓದು ಬರಹ ಬಲ್ಲ ಪಟ್ಟಣಿಗರು. ಮುಂದಿನ ವರ್ಷದ ಪ್ರತಿಭಾ ಪುರಸ್ಕಾರದ ವೇದಿಕೆಗೆ ಅಂಕ ಗಳಿಸಿದವರೊಡನೆ ಚೆನ್ನಾಗಿ ಕಸುಬು ಕಲಿತವರನ್ನೂ ಕರೆಯೋಣ. ಆರಂಭ ಅಲ್ಲಿಂದಲೇ ಆಗಲಿ.