ಲಿಮರಿಕ್‌ನಲ್ಲಿ ಇಲ್ಲದ ಲಿಮರಿಕ್ ಜಂಕ್ಷನ್



ಮುಂಬೈಯಿಂದ ಚೆನ್ನೈಗೋ ಹೈದರಾಬಾದಿಗೋ ರೈಲಿನಲ್ಲಿ ಹೋಗಿದ್ದರೆ ವಾಡಿ ಜಂಕ್ಷನ್ ನಿಮಗೆ ಗೊತ್ತೇ ಇರುತ್ತದೆ. ಹೆಸರು ಕೇಳಿದವರು ಬಹಳ, ಊರೊಳಗೆ ಕಾಲಿಟ್ಟವರು ಕಡಿಮೆ. ಅಂಥದೇ ಇನ್ನೊಂದು ಊರಿಗೆ ಇವತ್ತು ನಿಮ್ಮನ್ನು ಕರೆದೊಯ್ಯುತ್ತೇನೆ. ಐರ್ಲೆಂಡ್ ದೇಶದ ಲಿಮರಿಕ್ ಜಂಕ್ಷನ್.

ಮೊದಲ ತಮಾಷೆ ಹೆಸರಿನಲ್ಲೇ ಇದೆ. ಈ ಊರು ಲಿಮರಿಕ್ ಜಿಲ್ಲೆಯಲ್ಲಿ ಇಲ್ಲ! ಲಿಮರಿಕ್ ನಗರ ಇಲ್ಲಿಂದ ಸುಮಾರು 35 ಕಿಲೋಮೀಟರ್ ದೂರ. ಊರು ಇರುವುದು ಟಿಪ್ಪರರಿ ಜಿಲ್ಲೆಯಲ್ಲಿ, ಟಿಪ್ಪರರಿ ಪಟ್ಟಣಕ್ಕೆ ಮೂರೇ ಕಿಲೋಮೀಟರ್ ಹತ್ತಿರ. ಮೊದಲ ಮಹಾಯುದ್ಧದ ಸೈನಿಕರ ಬಾಯಲ್ಲಿ ಊರೂರು ಸುತ್ತಿದ 1912ರ ಆ ಹಾಡಿನ ಟಿಪ್ಪರರಿ ಇದೇ. ಹಾಗಿದ್ದರೂ ಇಲ್ಲಿಳಿದವರು ಮುಂದೆ ಎಲ್ಲಿಗೆ ಹೋಗಬಹುದೋ ಆ ಊರಿನ ಹೆಸರೇ ನಿಲ್ದಾಣಕ್ಕೆ ಬಿತ್ತು. ಸುತ್ತ ಹುಟ್ಟಿದ ಪುಟ್ಟ ಹಳ್ಳಿಗೂ ಅದೇ ಹೆಸರಾಯಿತು.

ಇದೆಲ್ಲ ಶುರುವಾಗಿದ್ದು 1848ರಲ್ಲಿ. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು, ಲಕ್ಷಾಂತರ ಜನ ಸತ್ತು, ಲಕ್ಷಾಂತರ ಜನ ದೇಶ ಬಿಟ್ಟ ಮಹಾಕ್ಷಾಮದ ಕಾಲ ಅದು. ಆ ವರ್ಷ ಮೇ ತಿಂಗಳಲ್ಲಿ ಲಿಮರಿಕ್ ಕಡೆಯಿಂದ ಒಂದು ಕಂಪನಿಯ ಹಳಿ ಟಿಪ್ಪರರಿಗೆ ಬಂತು. ಜುಲೈನಲ್ಲಿ ಡಬ್ಲಿನ್ ಕಡೆಯಿಂದ ಇನ್ನೊಂದು ಕಂಪನಿಯ ಹಳಿ ಬಂದು ಅದನ್ನು ಹೆಚ್ಚುಕಡಿಮೆ ಅಡ್ಡಡ್ಡ ದಾಟಿತು. ಎರಡೂ ಒಂದನ್ನೊಂದು ಕತ್ತರಿಸಿದ ಜಾಗದ ಪಕ್ಕದಲ್ಲೇ ನಿಲ್ದಾಣ.

ಆದರೆ ಹಳಿ ಜೋಡಿಸಿದ ರೀತಿಯೇ ವಿಚಿತ್ರ. ಬಂದ ರೈಲು ನೇರವಾಗಿ ಪ್ಲಾಟ್‌ಫಾರ್ಮಿಗೆ ಬರುವಂತಿರಲಿಲ್ಲ. ನಿಲ್ದಾಣ ದಾಟಿ ಮುಂದೆ ಹೋಗಿ, ನಿಂತು, ಹಿಂದಕ್ಕೆ ಸರಿದು ಪ್ಲಾಟ್‌ಫಾರ್ಮ್ ಸೇರಬೇಕು! ಹೊಸಬರಿಗೆ ಗಾಬರಿ, ಹಳಬರಿಗೆ ಅಭ್ಯಾಸ. ಈ ಹಿನ್ನಡೆ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. 1967ರಲ್ಲಿ ಹಳಿಗಳನ್ನು ಬದಲಿಸಿದ ಮೇಲೆ ಡಬ್ಲಿನ್-ಕಾರ್ಕ್ ಮುಖ್ಯಮಾರ್ಗದ ಗಾಡಿಗಳಿಗೆ ಅದು ತಪ್ಪಿತು. ಆ ಮಾರ್ಗಕ್ಕೆ ಇನ್ನೊಂದು ಪ್ಲಾಟ್‌ಫಾರ್ಮ್ ಸಿಕ್ಕಿದ್ದಂತೂ 2019ರಲ್ಲಿ.

ನಿಲ್ದಾಣದ ಮಗ್ಗುಲಲ್ಲೇ ಕುದುರೆ ರೇಸಿನ ಮೈದಾನವಿದೆ. ಅದಕ್ಕೂ ಹಿಂದೆ ಜಂಕ್ಷನ್ನಿನ ಹೆಸರೇ ಇತ್ತು, ಈಗ ಟಿಪ್ಪರರಿ ರೇಸ್‌ಕೋರ್ಸ್. ಅಲ್ಲಿನ ನಿಲ್ದಾಣದ ಫಲಕಗಳಲ್ಲಿ ಇಂಗ್ಲಿಷಿನ ಜೊತೆ ಐರಿಷ್ ಭಾಷೆಯೂ ಇರುತ್ತದೆ. ಈ ಊರಿನ ಐರಿಷ್ ಹೆಸರಿನ ಅರ್ಥ ‘ಲಿಮರಿಕ್ ಕವಲು’. ಜಂಕ್ಷನ್ ಎಂಬುದಕ್ಕೆ ನಮ್ಮ ಕವಲಿನಂಥ ಮಾತೇ ಅವರಿಗೂ ಹೊಳೆದಿದೆ ನೋಡಿ!

ಆ ಕವಲೇ ಈ ಊರಿನ ಜೀವ. ಮುಖ್ಯಮಾರ್ಗದಲ್ಲಿ ಗಾಡಿಗಳಿಗೆ ಬರವಿಲ್ಲ. ಆದರೆ ಪೂರ್ವಕ್ಕೆ ವಾಟರ್‌ಫರ್ಡ್ ಕಡೆ ಓಡುವುದು ಬೆರಳೆಣಿಕೆಯ ಗಾಡಿಗಳು. ಅದೇ ದಾರಿಯಲ್ಲಿ ಮುಂದೆ, ವಾಟರ್‌ಫರ್ಡ್‌ನಿಂದ ರಾಸ್ಲೇರ್ ಬಂದರಿಗೆ ಹೋಗುತ್ತಿದ್ದ ಪ್ರಯಾಣಿಕರ ರೈಲು 2010ರಲ್ಲಿ ನಿಂತುಹೋಯಿತು. ಜನ ಹತ್ತುವುದಿಲ್ಲ ಎಂದು ಗಾಡಿ ಕಡಿಮೆ, ಗಾಡಿ ಕಡಿಮೆ ಎಂದು ಜನ ಹತ್ತುವುದಿಲ್ಲ. ಆ ಹಳಿಯನ್ನು ಮತ್ತೆ ತೆರೆಯಬೇಕೆಂದು 2024ರ ಅಖಿಲ ಐರ್ಲೆಂಡ್ ರೈಲು ವರದಿ ಶಿಫಾರಸು ಮಾಡಿದೆ. ಅದು ಕೈಗೂಡಿದರೆ ಜಂಕ್ಷನ್ನಿನ ಪೂರ್ವದ ಕವಲಿಗೆ ಬಲ ಬಂದೀತು. ಆ ಕವಲೂ ಒಣಗಿದರೆ? ಹೆಸರಿನಲ್ಲಿ ಜಂಕ್ಷನ್ ಉಳಿದೀತು, ಗಾಡಿ ಬದಲಿಸಲು ಇಳಿಯುವವರು ಕಡಿಮೆಯಾದಾರು.

ದೊಡ್ಡ ಊರುಗಳಲ್ಲಿ ನೆಲೆಸಿದ ನಮಗೂ ಇದರಲ್ಲಿ ಒಂದು ಮಾತಿದೆ. ಹಬ್ಬಕ್ಕೆ ಊರಿಗೆ ಹೊರಟಾಗ ಎಕ್ಸ್‌ಪ್ರೆಸ್ ಇಳಿದ ಮೇಲೆ ಟ್ಯಾಕ್ಸಿ ಹುಡುಕುವ ಮುನ್ನ, ಕವಲು ದಾರಿಯ ಪ್ಯಾಸೆಂಜರ್ ಗಾಡಿ ಇದೆಯೇ ಎಂದು ಒಮ್ಮೆ ವಿಚಾರಿಸಿ. ಇದ್ದರೆ ಹತ್ತಿ. ನಿಮ್ಮದೊಂದು ಟಿಕೆಟ್ಟೂ ಲೆಕ್ಕಕ್ಕೆ ಸೇರುತ್ತದೆ.

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಶುಭ ಪ್ರಯಾಣ!