ನಮ್ಮ ಮಾತು ಎಲ್ಲಿಯದು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



'ಪ್ರವಾಸ ಮತ್ತು ಶಿಕ್ಷಣ' ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನೋಡಿದ ಊರುಗಳ ಪಟ್ಟಿ ಒಪ್ಪಿಸಿ ನಿಮ್ಮ ಹೊತ್ತು ಕಳೆಯುವ ಮನಸ್ಸು ನನಗಿಲ್ಲ. ನಮ್ಮ ಬೀಳಗಿ ಸೀಮೆಯ ಮಕ್ಕಳು ಒಳಗೊಳಗೇ ಅನುಭವಿಸಿ, ಯಾರ ಮುಂದೆಯೂ ಹೇಳಿಕೊಳ್ಳದ ಒಂದು ಸಂಕೋಚದ ಬಗ್ಗೆ ಮಾತಾಡುತ್ತೇನೆ.

ನಮ್ಮದು ಎರಡು ಮಾತಿನ ಬದುಕು. ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಸಂತೆಯಲ್ಲಿ ಜೋಳದ ದರ ಕೇಳುವುದು ಕನ್ನಡದಲ್ಲಿ, ಮನೆಗೆ ಬಂದು ತಾಯಿಗೆ ಲೆಕ್ಕ ಒಪ್ಪಿಸುವುದು ದಖನಿಯಲ್ಲಿ. ಊರಲ್ಲಿರುವ ತನಕ ಇದರಿಂದ ಯಾವ ತೊಡಕೂ ಇಲ್ಲ. ತೊಡಕು ಶುರುವಾಗುವುದು ಮಕ್ಕಳು ಕಾಲೇಜಿಗೆಂದು ದೊಡ್ಡ ಊರಿಗೆ ಹೋದ ಮೇಲೆ. ನನ್ನ ಮಗಳಿಗೂ ಹಾಗೇ ಆಯಿತು. ಉರ್ದು ಭಾಷಣ ಸ್ಪರ್ಧೆಯಲ್ಲಿ 'ಬೇಡ' ಎನ್ನುವುದಕ್ಕೆ 'ನಕ್ಕೊ' ಎಂದಳು. ಇಡೀ ಸಭೆ ಗೊಳ್ಳೆಂದಿತು. ಕನ್ನಡ ತರಗತಿಯಲ್ಲಿ 'ಓದಾಕತ್ತೇನ್ರಿ' ಎಂದಳು, ಅಲ್ಲಿಯೂ ಅದೇ. ರಜೆಗೆ ಬಂದವಳು ಪುಸ್ತಕದ ಜೊತೆಗೆ ಹಾಸಿಗೆ ಸುರುಳಿಯನ್ನೂ ತಂದಿದ್ದಳು. ಮರಳಿ ಹೋಗುವ ಮನಸ್ಸಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? "ನಮ್ಮ ಮಾತು ಎಲ್ಲೀದೂ ಅಲ್ಲ ಅಬ್ಬಾ" ಎಂದಳು.

ಇಂಥ ಮಾತಿಗೆ ಉಪದೇಶ ನಾಟುವುದಿಲ್ಲ. ಆ ರಜೆಯಲ್ಲಿ ಮನೆಮಂದಿಯೆಲ್ಲ ಮಂಗಳೂರಿಗೆ, ನನ್ನ ಹಳೆಯ ಸಹೋದ್ಯೋಗಿಯ ಮನೆಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಅದಕ್ಕೂ ಮುಂಚೆ ಒಂದು ದಿನ ವಿಜಯಪುರ ನೋಡಿಕೊಂಡು ಬರೋಣ ಎಂದಳು ನನ್ನ ಹೆಂಡತಿ. ಕೊರ್ತಿ-ಕೊಲ್ಹಾರ ಸೇತುವೆ ದಾಟಿ, ಕೊಲ್ಹಾರದಲ್ಲಿ ಗಡಿಗೆ ಮೊಸರು ಉಂಡು ಹೋದೆವು. ಗೋಳಗುಮ್ಮಟದಲ್ಲಿ ಮಕ್ಕಳೆಲ್ಲ ಕೂಗಿ ಕೂಗಿ ದಣಿದರು. ನನಗೆ ಬೇಕಾಗಿದ್ದದ್ದು ಇಬ್ರಾಹಿಂ ರೋಜಾ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಆಳಿದವನು. ಜನ ಅವನನ್ನು ಜಗದ್ಗುರು ಎಂದು ಕರೆದರು. ಅವನು ಬರೆದ ಹಾಡುಗಳ ಪುಸ್ತಕ 'ಕಿತಾಬೆ ನೌರಸ್' ಇರುವುದು ದಖನಿಯಲ್ಲಿ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಕಲಬುರಗಿಯ ಬಂದೇ ನವಾಜರ ಸ್ತುತಿಯೂ ಇದೆ. ಅವನ ನಂತರ ಅದೇ ಆಸ್ಥಾನದಲ್ಲಿ ನುಸ್ರತಿ ಎಂಬ ಕವಿ ದಖನಿಯಲ್ಲೇ ದೊಡ್ಡ ಕಾವ್ಯಗಳನ್ನು ಬರೆದ. 1700ರ ಸುಮಾರಿಗೆ ದಖನ್ನಿನ ಕವಿ ವಲಿ ದಿಲ್ಲಿಗೆ ಹೋದ. ಪಾರಸಿಯನ್ನೇ ನೆಚ್ಚಿಕೊಂಡಿದ್ದ ಅಲ್ಲಿಯ ಕವಿಗಳು ಅವನ ಗಜಲ್ ಕೇಳಿದ ಮೇಲೆ ಆಡುಮಾತಿನ ಕಡೆ ಹೊರಳಿದರು. ಇನ್ನು ನಮ್ಮ 'ನಕ್ಕೊ' ಮರಾಠಿಯಿಂದ ಬಂದದ್ದು. ನೆರೆಹೊರೆಯವರ ಜೊತೆ ಬಾಳಿದವರ ಬಾಯಲ್ಲಿ ನೆರೆಹೊರೆಯ ಮಾತು ಇರುವುದೇ ಸರಿ.

ಮಗಳು ಎಲ್ಲವನ್ನೂ ಕೇಳಿದಳು, ಆದರೆ ಮುಖ ಅರಳಲಿಲ್ಲ. ಅದು ಸಹಜ. ಹಳೆಯ ಸುಲ್ತಾನರ ಹೆಮ್ಮೆ ಒಂದು ಹೊತ್ತಿನ ಸಮಾಧಾನ ಕೊಡುತ್ತದೆ. ಹಾಸ್ಟೆಲಿನ ಊಟದ ಮೇಜಿನವರೆಗೆ ಅದು ಜೊತೆಗೆ ಬರುವುದಿಲ್ಲ.

ಮುಂದಿನ ವಾರ ಹುಬ್ಬಳ್ಳಿ ದಾಟಿ ಘಟ್ಟ ಇಳಿದೆವು. ಭಟ್ಕಳದಲ್ಲಿ ನವಾಯತರ ಮನೆಮಾತು ನವಾಯತಿ. ಕೊಂಕಣಿಗೆ ಹತ್ತಿರದ್ದು, ಅರಬ್ಬಿ-ಪಾರಸಿ ಶಬ್ದಗಳು ಬೆರೆತದ್ದು. 1919ರಲ್ಲೇ ಅಂಜುಮನ್ ಕಟ್ಟಿ ಶಾಲೆ-ಕಾಲೇಜು ನಡೆಸಿಕೊಂಡು ಬಂದ ಊರು ಅದು. ಅಲ್ಲಿ ಅಸರ್ ಬಾಂಗ್ ನಮ್ಮ ಲೆಕ್ಕಕ್ಕಿಂತ ಬಹಳ ಮೊದಲೇ ಕೇಳಿಸಿತು. ಕಿರಿಯ ಮಗ ಗಾಬರಿಯಿಂದ ಗಡಿಯಾರ ನೋಡಿದ. ನೆರಳು ವಸ್ತುವಿನಷ್ಟೇ ಉದ್ದವಾದಾಗ ಅಸರ್ ಎನ್ನುವುದು ಅವರ ಶಾಫಿ ಪದ್ಧತಿ. ಎರಡರಷ್ಟಾಗುವ ತನಕ ಕಾಯುವುದು ನಮ್ಮ ಹನಫಿ ಪದ್ಧತಿ. "ಹಾಗಾದರೆ ಇಬ್ಬರದೂ ಸರಿನಾ?" ಎಂದು ಕೇಳಿದ. ಅವನ ವಯಸ್ಸಿಗೆ ಅದೇ ದೊಡ್ಡ ಪಾಠ.

ಮಂಗಳೂರಿನಲ್ಲಿ ನಾವು ಉಳಿದದ್ದು ಬ್ಯಾರಿ ಮನೆತನದಲ್ಲಿ. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಉರ್ದು ಯಾರಿಗೂ ಬಾರದು. ಮೊದಲ ರಾತ್ರಿ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಕೂತಿದ್ದಾಗ ಆ ಮನೆಯ ಸೊಸೆ ತಾನಾಗಿಯೇ ಹೇಳಿದರಂತೆ: "ನಿಮ್ಮ ಕಡೆಯವರು ಬಂದರೆ ನನಗೆ ಹೆದರಿಕೆ. ಮುಸ್ಲಿಮರಾಗಿ ಉರ್ದು ಬರುವುದಿಲ್ವಾ ಅಂತ ಕೇಳ್ತಾರೆ. ಆಗ ನನಗೆ ಬಾಯಿಯೇ ಬರುವುದಿಲ್ಲ."

ನನ್ನ ಮಗಳು ಅವರ ಮುಖವನ್ನೇ ನೋಡುತ್ತ ಕೂತಳಂತೆ. ತಪ್ಪು ಉರ್ದುವಿಗಾಗಿ ಕುಗ್ಗಿದವಳು ಇವಳು, ಉರ್ದುವೇ ಇಲ್ಲವೆಂದು ಕುಗ್ಗಿದವರು ಅವರು. ಇಬ್ಬರನ್ನೂ ಅಳೆದ ಕೋಲು ಒಂದೇ, ಆ ಕೋಲು ಇಬ್ಬರ ಕೈಯಲ್ಲೂ ಇರಲಿಲ್ಲ. ತನ್ನ ಸ್ಪರ್ಧೆಯ ಕಥೆಯನ್ನು ಇವಳು ಹೇಳಿದಳು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲಿನ ಮೂರು ದಿನ ಆ ಮನೆಯಲ್ಲಿ ನಡೆದದ್ದು ಕನ್ನಡ. ಅವರದು 'ಎಂತ ಮಾರಾಯ್ರೆ', ನಮ್ಮದು 'ಏನ್ರಿ ಅಕ್ಕಾರ'. ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುತ್ತಿದ್ದರು, ಯಾರಿಗೂ ನೋವಾಗಲಿಲ್ಲ. ಅವರ ಅಕ್ಕಿ ಪತ್ತಿರ್ ನಾವು ಕಲಿತೆವು. ನಮ್ಮ ಜೋಳದ ರೊಟ್ಟಿ ಬಡಿಯಲು ಅವರಿಗೆ ಬರಲಿಲ್ಲ. ಹಿಟ್ಟು ಸೀಳಿ ಸೀಳಿ ಹೋಗುತ್ತಿತ್ತು.

ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಬ್ಯಾರಿ ಭಾಷೆಗೆ ಅಕಾಡೆಮಿ ಆದದ್ದು 2009ರಲ್ಲಿ. ಅದಕ್ಕಿಂತ ಎಷ್ಟೋ ಮೊದಲು ಕಾಸರಗೋಡಿನ ಸಾರಾ ಅಬೂಬಕ್ಕರ್ ತಮ್ಮ ಜನರ ಬದುಕನ್ನು ಕನ್ನಡದಲ್ಲಿ ಬರೆದು ನಾಡಿನ ಮನೆಮಾತಾದರು. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಿತು. ಇವರು ಯಾರೂ ಮನೆಯ ಮಾತನ್ನು ಮುಚ್ಚಿಟ್ಟು ದೊಡ್ಡವರಾದವರಲ್ಲ.

ಮಗಳು ಕಾಲೇಜಿಗೆ ಮರಳಿದಳು. ಅಲ್ಲಿ ಈಗಲೂ ನಗುವವರು ನಗುತ್ತಾರೆ. "ದಖನಿಯಲ್ಲಿ ಹಾಗೇ ಅನ್ನೋದು" ಎಂದು ಹೇಳಿ ಮಾತು ಮುಂದುವರಿಸುತ್ತಾಳಂತೆ. ಪುಸ್ತಕದ ಉರ್ದು, ಪುಸ್ತಕದ ಕನ್ನಡ ಎರಡನ್ನೂ ಕಲಿಯುತ್ತಿದ್ದಾಳೆ. ವಿದ್ಯಾರ್ಥಿಗಳೆ, ಇದು ನಿಮ್ಮ ಗಮನದಲ್ಲಿರಲಿ: 'ನನ್ನ ಮಾತು ನನಗೆ ಚೆಂದ' ಎಂದು ಪರೀಕ್ಷೆಯ ಭಾಷೆ ಕಲಿಯದೆ ಕೂತರೆ ನಷ್ಟ ನಿಮ್ಮದೇ.

ಹಿರಿಯರಲ್ಲಿ ಒಂದು ಬಿನ್ನಹ. ನಾವು ಪ್ರವಾಸ ಹೋಗುವುದಿಲ್ಲವೆಂದಲ್ಲ. ಅಡುಗೆಯವನನ್ನು ಕರೆದುಕೊಂಡು, ನಮ್ಮವರ ಜೊತೆಗೇ ಕೂತು, ನಮ್ಮ ಊಟವನ್ನೇ ಉಂಡು ಬರುತ್ತೇವೆ. ಫೋಟೋ ಬರುತ್ತವೆ, ಪರಿಚಯ ಒಂದೂ ಆಗುವುದಿಲ್ಲ. ಸಂಘವು ವರ್ಷಕ್ಕೊಮ್ಮೆ ಒಂದು ಬಸ್ಸು ಮಾಡಿ, ಮಕ್ಕಳನ್ನು ತಂದೆ-ತಾಯಂದಿರ ಸಮೇತ ಕರಾವಳಿಗೆ ಕರೆದೊಯ್ದು, ಒಂದೆರಡು ರಾತ್ರಿ ಅಲ್ಲಿಯವರ ಮನೆಗಳಲ್ಲೇ ಇರಿಸಬೇಕು. ಅರ್ಧ ಸೀಟು ಹುಡುಗಿಯರಿಗೆ ಇರಲಿ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದೂ, ಹೀಗೆ ಬೇರೆಲ್ಲೂ ನೋಡಿಲ್ಲವೆಂದೂ ಬರೆದಿಟ್ಟಿದ್ದಾನೆ. ಆ ಊರು ನಮ್ಮ ದಾರಿಯಲ್ಲೇ ಇದೆ.

ಮಂಗಳೂರಿನ ಆ ಮನೆಯವರು ಹತ್ತು ಹುಡುಗಿಯರಿಗೆ ಜಾಗ ಕೊಡುತ್ತೇವೆ ಎಂದಿದ್ದಾರೆ. ಜೋಳದ ಹಿಟ್ಟು ಮಾತ್ರ ನಾವೇ ಒಯ್ಯಬೇಕಂತೆ.